ಮುಂದಿನ ಸಾಲಿನ ಅನ್ಯರು

ಮಂಗಳೂರು, ಉಡುಪಿ ಕಡೆಯ ಯಾವ ಮದುವೆ ಹಾಲ್‌ಗೆ ಹೋದರೂ ಮುಂದಿನ ಸಾಲಿನ ಸೋಫಾ ಬೀಗರದ್ದು. ದಿಬ್ಬಣ ಇಳಿದ ಕೂಡಲೇ ಬಾಯಾರಿಕೆ, ಊಟಕ್ಕೆ ಕುಳಿತರೆ ಒತ್ತಾಯದ ಹೋಳಿಗೆ. ಅವರ ಕಡೆಯ ಒಬ್ಬ ಅಜ್ಜನ ಎಲೆಗೆ ತುಪ್ಪ ಬೀಳದಿದ್ದರೆ ಮಗಳು ಆಯುಷ್ಯವಿಡೀ ಅದನ್ನು ಕೇಳಬೇಕು. ಇಷ್ಟು ಮರ್ಯಾದೆಯ ಜನ ಆದಾಯ ತೆರಿಗೆ ಕಾನೂನಿನ ಲೆಕ್ಕದಲ್ಲಿ ನಮಗೆ ಯಾರೂ ಅಲ್ಲ.

ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಸಂಬಂಧಿಕರು ಯಾರೆಂದು ಕಾನೂನೇ ಪಟ್ಟಿ ಮಾಡಿದೆ. ಅದರಲ್ಲಿ ಅಕ್ಕ, ತಮ್ಮ, ಭಾವ, ಸೊಸೆ, ಮಗಳ ಗಂಡ ಎಲ್ಲರೂ ಇದ್ದಾರೆ. ಆಸ್ತಿ ಪಾಲಿನ ಸಮಯದಲ್ಲಿ ಮಾತ್ರ ನೆನಪಾಗುವ ಷಡ್ಡಕನೂ ಇದ್ದಾನೆ. ಮಗಳ ಗಂಡನ ಅಪ್ಪ-ಅಮ್ಮ ಇಲ್ಲ! ಹಾಗಾಗಿ ಬೀಗಿತಿಗೆ ಒಂದು ಪವನಿನ, ಅಂದರೆ 8 ಗ್ರಾಂ ಚಿನ್ನದ ಬಳೆ ಹಾಕಿದಿರೋ, ಅದು ಆಕೆಯ ಆದಾಯ. ವರ್ಷದ ಮಿತಿ 50,000 ರೂಪಾಯಿ. ದಾಟಿದರೆ ಹೆಚ್ಚಾದ ಭಾಗಕ್ಕಲ್ಲ, ಪೂರ್ತಿ ಬೆಲೆಗೆ ತೆರಿಗೆ. ಈ ಮಿತಿ ಬಂದದ್ದು 2006ರಲ್ಲಿ. ಆಗ ಅಷ್ಟು ದುಡ್ಡಿಗೆ ಆರೇಳು ಪವನು ಬರುತ್ತಿತ್ತು, ಈಗ ಒಂದೂ ಬರುವುದಿಲ್ಲ. ಮದುವೆ ಉಡುಗೊರೆಗೆ ವಿನಾಯಿತಿ ಇದೆಯಲ್ಲ ಎನ್ನಬೇಡಿ, ಅದು ಹಸೆಮಣೆ ಏರಿದ ಇಬ್ಬರಿಗೆ ಮಾತ್ರ.

ತೆರಿಗೆ ಬೀಳುವ ವಸ್ತುಗಳ ಪಟ್ಟಿ ಇನ್ನೂ ಚಂದ. ಚಿನ್ನ, ಷೇರು, ಜಾಗ, ಚಿತ್ರಕಲೆ ಇವೆ. ಶಂಕರಪುರ ಮಲ್ಲಿಗೆ ಇಲ್ಲ, ಅಟ್ಟೆಗಟ್ಟಲೆ ಮುಡಿಸಿ. ಕಾರೂ ಇಲ್ಲ. ಒಳ್ಳೆಯ ಕಲಾವಿದರಿಂದ ಕಾರಿನ ಚಿತ್ರ ಬರೆಸಿ ಕೊಟ್ಟರೆ ತೆರಿಗೆ ಬೀಳಬಹುದು, ಕಾರಿಗೆ ಬೀಳುವುದಿಲ್ಲ.

ಆಸ್ತಿ ಸೋದರಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ ಹೋಗುತ್ತಿದ್ದ ಅಳಿಯಕಟ್ಟಿನ ಊರಿಗಂತೂ ಇದು ಹೇಳಿ ಮಾಡಿಸಿದ ಅವಮಾನ. ಸೋದರಮಾವ ಅಳಿಯನಿಗೆ ಒಂದು ಲಕ್ಷ ಕೊಟ್ಟರೆ ತೆರಿಗೆ ಇಲ್ಲ, ತಾಯಿಯ ಅಣ್ಣ ಪಟ್ಟಿಯಲ್ಲಿದ್ದಾನೆ. ಅಳಿಯ ಅದೇ ಲಕ್ಷವನ್ನು ಮಾವನಿಗೆ ತಿರುಗಿ ಕೊಟ್ಟರೆ ತೆರಿಗೆ ಇದೆ, ತಂಗಿಯ ಮಗ ಪಟ್ಟಿಯಲ್ಲಿಲ್ಲ. ಕುಟುಂಬದ ಆಸ್ತಿಗೆಲ್ಲ ಹಕ್ಕುದಾರನಾಗಿದ್ದವನು ದಿಲ್ಲಿಯ ಕಡತದಲ್ಲಿ ದಾರಿಹೋಕ. ಪರಿಹಾರ ಇಲ್ಲದಿಲ್ಲ: ಮಾವನ ಮಗಳನ್ನೇ ಮದುವೆಯಾದರೆ ಅವನೂ ಪಟ್ಟಿಗೆ ಸೇರುತ್ತಾನೆ.

ಬೀಗರನ್ನು ಸರಕಾರ ಪೂರ್ತಿ ಮರೆತಿದೆ ಎನ್ನುವುದೂ ತಪ್ಪು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎರಡೂ ಕಡೆಯ ಹೆತ್ತವರನ್ನು ಹೆಸರಿಟ್ಟೇ ಕರೆಯುತ್ತದೆ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಕನಿಷ್ಠ 5 ವರ್ಷ ಜೈಲು. ಅಲ್ಲಿ ಸೋಫಾ ಇಲ್ಲ.