ದುಡ್ಡಿನ ಜೊತೆ ಹಳೇ ಬೆಡ್‌ಶೀಟೂ ಇರಲಿ

ಪಟಾಕಿ ದುಡ್ಡಲ್ಲಿ ಸ್ವಲ್ಪ ಪ್ರಾಣಿ ರಕ್ಷಣೆಗೆ ಕೊಡಿ ಅಂತ ಬರೆದಿದ್ದೀರಿ. ಒಳ್ಳೇ ಮಾತು. ಬೆಂಗಳೂರಲ್ಲಿ 1991ರಿಂದ ಇರುವ ಪ್ರಾಣಿದಯಾ ಸಂಸ್ಥೆ ಕ್ಯೂಪಾ, ಕೆಂಗೇರಿ ಕಡೆ ಕಾಡುಪ್ರಾಣಿ, ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಪೀಪಲ್ ಫಾರ್ ಅನಿಮಲ್ಸ್ ಥರದ ಸಂಸ್ಥೆಗಳಿಗೆ ದೀಪಾವಳಿಗೆ ರಜೆ ಎಲ್ಲಿ ಬರಬೇಕು?

ಆದರೆ ಕೊಡುವ ಮೊದಲು ಏನು ಬೇಕು ಅಂತ ಫೋನ್ ಮಾಡಿ ಕೇಳಿ. ನಮ್ಮ ಬೀದಿಯವರು ಹೋದ ವರ್ಷ ಉಳಿದ ಸ್ವೀಟ್ ಬಾಕ್ಸ್‌ಗಳನ್ನೆಲ್ಲ ಕಟ್ಟಿಕೊಂಡು ಹೊರಟಿದ್ದರು! ಚಾಕೊಲೇಟ್, ಒಣದ್ರಾಕ್ಷಿ ನಾಯಿಗೆ ವಿಷ. ಅದರ ಬದಲು ಹಬ್ಬಕ್ಕೆ ಬೀರು ಖಾಲಿ ಮಾಡುವಾಗ ಸಿಗುವ ಹಳೇ ಬೆಡ್‌ಶೀಟ್, ಟವೆಲ್ ತೆಗೆದಿಡಿ. ಆಪರೇಷನ್ ಆದ ನಾಯಿ ಕೆಳಗೆ ಹಾಸೋಕೆ, ಬೆದರಿದ ಬೆಕ್ಕನ್ನು ಸುತ್ತಿ ಹಿಡಿಯೋಕೆ ಅದೇ ಬೇಕು. ನ್ಯೂಸ್‌ಪೇಪರ್ ಎಷ್ಟಿದ್ದರೂ ಸಾಲದು.

ದುಡ್ಡು ಕೊಡುವವರು ತಿಂಗಳಿಗೆ ಇನ್ನೂರೋ ಮುನ್ನೂರೋ ಕೊಟ್ಟರೆ ಇನ್ನೂ ಅನುಕೂಲ, ಹೊಟ್ಟೆ ದಿನಾ ಹಸಿಯುತ್ತೆ ಅಲ್ವಾ? ಅಂದ ಹಾಗೆ, ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿರುವವರು ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಯಾವ ಸಂಸ್ಥೆ ಬಟ್ಟೆ, ಅಕ್ಕಿ ತಗೊಳ್ಳುತ್ತೆ ಅಂತ ಒಂದು ಪಟ್ಟಿ ಹಾಕ್ತೀರಾ?