ಹದಿನೈದೇ ನಿಮಿಷ
"ವಿಮಾನದಲ್ಲಿ ಹದಿನೈದೇ ನಿಮಿಷ ಅಮ್ಮ" ಅಂದಿದ್ದೆ. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ನಾರ್ವೆಯ ಈಶಾನ್ಯ ಮೂಲೆ, ರಷ್ಯಾ ಗಡಿಯ ಪಕ್ಕದ ಕಿರ್ಕೆನೆಸ್‌ನಿಂದ ವಡ್ಸೋಗೆ ಹೊರಟಿದ್ದೆ. ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ 38 ಕಿಲೋಮೀಟರ್. ನಮ್ಮ ಬಸವನಗುಡಿಯಿಂದ ದೇವನಹಳ್ಳಿಯ ಏರ್‌ಪೋರ್ಟು ಹೆಚ್ಚುಕಮ್ಮಿ ಅಷ್ಟೇ ದೂರ.

"ವಿಮಾನ ಹತ್ತೋಕೆ ಹೋಗೋವಷ್ಟು ದೂರಕ್ಕೆ ವಿಮಾನವೇನೋ?"

ನಡುವೆ ವಾರಾಂಗರ್ ಫ್ಯೋರ್ಡ್ ಅಂತ ಸಮುದ್ರ ಒಳಗೆ ಚಾಚಿಕೊಂಡಿದೆ, ರಸ್ತೆ ಅದನ್ನು ಬಳಸಿಕೊಂಡು ಹೋದರೆ ಸುಮಾರು 170 ಕಿಲೋಮೀಟರ್ ಆಗುತ್ತೆ ಅಂದೆ. "ದೋಣಿ ಗೀಣಿ ಇಲ್ವಾ?" ಇದೆ. ಕರಾವಳಿಯ ಹಡಗು ವಡ್ಸೋದಲ್ಲಿ ನಿಲ್ಲುತ್ತೆ, ಆದರೆ ಕಿರ್ಕೆನೆಸ್‌ಗೆ ಬರುವಾಗ ಮಾತ್ರ. ಹೋಗುವಾಗ ಆ ಕಡೆ ತಿರುಗಿಯೂ ನೋಡಲ್ಲ. ಇದನ್ನು ಅಮ್ಮನಿಗೆ ಹೇಳುವ ಧೈರ್ಯ ಮಾಡಲಿಲ್ಲ.

ಮೂವತ್ತೊಂಬತ್ತು ಸೀಟಿನ, ರೆಕ್ಕೆಗೆ ಫ್ಯಾನು ಕಟ್ಟಿದ ವಿಮಾನ. ಪಕ್ಕದಲ್ಲಿ ದಪ್ಪ ಸ್ವೆಟರಿನ ಅಜ್ಜ, ಪೇಪರ್ ಓದುತ್ತಿದ್ದರು. ಮೇಲೇರಿದ್ದೇ ಅಮ್ಮ ಕಳಿಸಿದ್ದ ಕೋಡುಬಳೆ ಪೊಟ್ಟಣ ಬಿಚ್ಚಿದೆ. ಎರಡನೆಯದನ್ನು ಕಡಿಯುವಷ್ಟರಲ್ಲಿ ಇಳಿಯೋಕೆ ಶುರು. ಪರವಾಗಿಲ್ಲ, ಎರಡು ಕೋಡುಬಳೆ ದೂರದ ಊರು ಅಂದುಕೊಂಡೆ.

ಕಿಟಕಿಯಾಚೆ ಇದ್ದಕ್ಕಿದ್ದಂತೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಹಿಮ. ಚಕ್ರ ಇಳಿದ ಸದ್ದು. ಒಂದು ಕೆಂಪು ಮನೆಯ ಗೋಡೆ ಕಂಡಿತೋ ಇಲ್ಲವೋ, ಎಂಜಿನ್ನು ಅಬ್ಬರಿಸಿ ಮತ್ತೆ ಮೇಲಕ್ಕೆ. ಸುತ್ತು ಹಾಕಿ ಇನ್ನೊಂದು ಸಲ. ಈ ಸಲ ಗೋಡೆಯೂ ಇಲ್ಲ. ಅಜ್ಜ ಪೇಪರನ್ನು ಮಡಚಿ ಚೀಲಕ್ಕಿಟ್ಟು, ಜಾಕೆಟ್ಟಿನ ಜಿಪ್ಪು ಕತ್ತಿನವರೆಗೆ ಎಳೆದುಕೊಂಡರು. ಆಮೇಲೆ ಪೈಲಟ್ ಬಾಯಿಬಿಟ್ಟ: ವಾಪಸ್ ಕಿರ್ಕೆನೆಸ್. ಸ್ಟಾಪಿನ ಮುಂದೆಯೇ ಹೋಗಿ ನಿಲ್ಲಿಸದ ಬಸ್ಸಾದರೆ ಕಂಡಕ್ಟರ್ ಜೊತೆ ಜಗಳವಾದರೂ ಆಡಬಹುದು. ಹಿಮದ ಜೊತೆ ಏನು ಆಡೋದು? ಒಟ್ಟು ಏಳು ಕೋಡುಬಳೆ ಮುಗಿದು, ಹತ್ತಿದ ಜಾಗದಲ್ಲೇ ಇಳಿದೆ.

ಅಜ್ಜ ಆಗಲೇ ಟ್ಯಾಕ್ಸಿ ಬಾಗಿಲು ಹಿಡಿದು ನನ್ನತ್ತ ಕಣ್ಣುಸನ್ನೆ ಮಾಡುತ್ತಿದ್ದರು. ಉಪಕಾರಕ್ಕೆ ಪ್ರತಿಯಾಗಿ ಒಂದು ಕೋಡುಬಳೆ ಕೊಟ್ಟೆ. ಕಡಿದರು, ಅಗಿದರು, ಮುಖ ಆ ಮನೆಯ ಗೋಡೆಯ ಬಣ್ಣಕ್ಕೆ ತಿರುಗಿತು. "ಸ್ಟರ್ಕ್" ಅಂದರು. ಖಾರ ಅಂತ. ವಡ್ಸೋ ತಲುಪುವವರೆಗೂ ಆ ಮನುಷ್ಯ ಆಡಿದ್ದು ಅದೊಂದೇ ಮಾತು. ಆದರೆ ಇಳಿಯುವಾಗ ಇನ್ನೊಂದಕ್ಕೆ ಕೈ ಚಾಚಿದರು.

ಮಾರನೆಯ ದಿನ ನಾನು ಹೋಗಿದ್ದ ಕೆಲಸ ಮುಗಿಸಿದೆ. ಸೇತುವೆ ದಾಟಿದರೆ ಸಿಗುವ ದ್ವೀಪದಲ್ಲಿ ಒಂದು ಕಬ್ಬಿಣದ ಕಂಬ ನೋಡುವುದಿತ್ತು. 1926ರಲ್ಲಿ ಅಮುಂಡ್ಸನ್ ತಂಡ ಉತ್ತರ ಧ್ರುವಕ್ಕೆ ಹೊರಟಾಗ 'ನೋರ್ಗೆ' ಎಂಬ ವಾಯುನೌಕೆಯನ್ನು ಕಟ್ಟಿದ್ದು ಇದಕ್ಕೇ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ.

"ವಾಯುನೌಕೆ ಅಂದ್ರೆ?"

"ಹೈಡ್ರೋಜನ್ ತುಂಬಿದ ದೊಡ್ಡ ಬಲೂನು ಅಂದ್ಕೋ."

"ಅದು ಈ ಊರಲ್ಲಿ ನಿಂತಿತ್ತಾ?"

"ನಿಂತಿತ್ತು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೂರು ವರ್ಷದ ಹಿಂದೆ ಬಲೂನು ನಿಂತಿತ್ತು" ಅಂದಳು. "ಅದಿರ್ಲಿ, ಕೋಡುಬಳೆ ಎಷ್ಟು ಉಳಿದಿದೆ?"