ಎರಡು ದಿನದ ಕೆಲಸ

40 ನಿಮಿಷ. ಅಂದಾಜಿಗೆ ಹೇಳುತ್ತಿಲ್ಲ, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಕೆಲಸ ಮುಗಿಯುವ ತನಕ, ಅಷ್ಟು ಹೊತ್ತೂ ನಾನು ತಾರಸಿಯ ಬಿಸಿಲಲ್ಲಿ ಛತ್ರಿ ಹಿಡಿದು ನಿಂತಿದ್ದೆ. ಅದರಲ್ಲಿ 11 ನಿಮಿಷ ಪ್ಲಂಬರ್ ಹುಡುಗ ಫೋನಿನಲ್ಲಿದ್ದ. ಅದನ್ನೂ ಲೆಕ್ಕ ಹಾಕಿದ್ದೇನೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಸವೆದವನ ಚಾಳಿ ರಿಟೈರ್ ಆದ ಮಾತ್ರಕ್ಕೆ ಹೋಗುತ್ತದೆಯೇ?

ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲ ಅಂತ ಕರೆದಿದ್ದೆ. ಹಿಂದಿನ ವಾರ ಬಂದು ನೋಡಿದಾಗ ಅವನು ಬಚ್ಚಲಿನ ಗೋಡೆಗೆ ಎರಡು ಸಲ ಬೆರಳಿನಿಂದ ಕುಟ್ಟಿ, ಡಾಕ್ಟರರ ಹಾಗೆ ಮುಖ ಮಾಡಿದ್ದ. "ಒಳಗೆ ಜಿಐ ಪೈಪು ತುಕ್ಕು ತಿಂದಿದೆ ಸಾರ್. ಗೋಡೆ ಒಡೀಬೇಕು. ಎರಡು ದಿನದ ಕೆಲಸ. ಸಾಮಾನು ಬಿಟ್ಟು 4,500 ಆಗುತ್ತೆ."

ಎರಡು ದಿನ ಅಂದರೆ ಎರಡು ದಿನಕ್ಕೆ ತಯಾರಾದೆವು. ಅತ್ತೆಯವರನ್ನು ಕುವೆಂಪುನಗರದ ನಾದಿನಿ ಮನೆಗೆ ಕಳಿಸಿದೆ. ನಂಜನಗೂಡಿನ ಒಂದು ಗೃಹಪ್ರವೇಶ ತಪ್ಪಿಸಿಕೊಂಡೆ (ಅದಕ್ಕೇನೂ ಬೇಜಾರಿಲ್ಲ). ಬೆಳಗಿನ ಜಾವ ಕಾರ್ಪೊರೇಷನ್ ನೀರು ಬಂದಾಗ ಎದ್ದು ಬಕೆಟ್ಟು, ಡ್ರಮ್ಮು, ಕೊಳದಪ್ಪಲೆ, ಕೊನೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಸಿಟ್ಟೆವು. ಹಜಾರದ ಸೋಫಾಕ್ಕೆ ಧೂಳು ಕೂರದಿರಲಿ ಅಂತ ಹಳೇ ಸೀರೆ ಹೊದಿಸಿದೆವು.

ಅವನು ಬಂದ. ಗೋಡೆಯ ಕಡೆ ತಿರುಗಿಯೂ ನೋಡದೆ ನೇರ ತಾರಸಿ ಹತ್ತಿದ. ಟ್ಯಾಂಕಿನ ಬುಡದ ಗೇಟ್ ವಾಲ್ವ್ ತಿರುಗಿಸಿ "ಓ" ಅಂದ. ಚಕ್ರ ತಿರುಗುತ್ತಿತ್ತು, ಒಳಗಿನ ಬಾಗಿಲು ಮುರಿದು ನೀರಿಗೆ ಅಡ್ಡವಾಗಿ ಕೆಳಗೇ ಕೂತಿತ್ತು. ಅಂಗಡಿಗೆ ಯಾರನ್ನೋ ಓಡಿಸಿ ಹೊಸದು ತರಿಸಿದ. ಬಿಳಿ ಟೇಪು ನಾಲ್ಕು ಸುತ್ತು, ಪಾನಾ ಎರಡು ತಿರುವು. ಕೆಳಗೆ ಅಡಿಗೆಮನೆ ನಲ್ಲಿ ನನ್ನ ಹೆಂಡತಿಯ ಮೇಲೆ ಉಗಿಯಿತು.

"4,000 ಕೊಡಿ ಸಾರ್. ನಿಮಗೋಸ್ಕರ 500 ಬಿಟ್ಟಿದೀನಿ. ವಾಲ್ವ್ ದುಡ್ಡು ಬೇರೆ."

"ಕೆಲಸ ಕಡಿಮೆ ಆಯ್ತಲ್ಲಪ್ಪಾ?"

"ಹೂಂ ಸಾರ್, ಒಳ್ಳೇದೇ ಆಯ್ತಲ್ವಾ? ನಿಮ್ಮ ಗೋಡೆ ಉಳೀತು."

ಇದನ್ನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತೋಡಿಕೊಂಡದ್ದು ನನ್ನದೇ ತಪ್ಪು. ಐದು ನಿಮಿಷದಲ್ಲಿ ಅಣ್ಣನ ಮಗ ಆ ಹಡಗಿನ ಕಥೆ ಕಳಿಸಿದ. ಗೊತ್ತಲ್ಲ? ಹಡಗು ಕೆಟ್ಟಿರುತ್ತದೆ, ಒಬ್ಬ ಮುದುಕ ಬಂದು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾನೆ, ಸಾವಿರಗಟ್ಟಲೆ ಬಿಲ್ಲು. ಹೊಡೆದದ್ದಕ್ಕೆ ಎರಡು, ಎಲ್ಲಿ ಹೊಡೆಯಬೇಕೆಂದು ತಿಳಿದಿದ್ದಕ್ಕೆ ಉಳಿದದ್ದು. ಈ ಕಥೆ ನನಗೆ ಇದುವರೆಗೆ ಒಂಬತ್ತು ಸಲ ಬಂದಿದೆ. ಕಳಿಸಿದವರಲ್ಲಿ ಒಬ್ಬರೂ ಪ್ಲಂಬರಿಗೆ ದುಡ್ಡು ಕೊಡುತ್ತಾ ನಿಂತವರಲ್ಲ. ಇರಲಿ, ಮುದುಕನಿಗೆ ನಾನೂ ಕೊಡುತ್ತಿದ್ದೆ. ಆದರೆ ನಮ್ಮವನಿಗೆ ಎಲ್ಲಿ ಹೊಡೆಯಬೇಕೆಂದು ಗೊತ್ತಿದ್ದರೆ ಹಿಂದಿನ ವಾರ ಬಚ್ಚಲಿನ ಗೋಡೆ ಕುಟ್ಟಿದ್ದು ಯಾಕೆ? ಇದನ್ನೂ ಗುಂಪಿನಲ್ಲಿ ಕೇಳಿದೆ. ಯಾರೂ ಉತ್ತರಿಸಲಿಲ್ಲ. ಒಬ್ಬರು ಹೂವಿನ ಚಿತ್ರ ಹಾಕಿ ಶುಭೋದಯ ಅಂದರು.

ಗುತ್ತಿಗೆಯೋ ಕೂಲಿಯೋ ಅಂತ ಮೊದಲೇ ಮಾತಾಡಿಕೊಳ್ಳಬೇಕು ಎನ್ನುತ್ತಾರೆ ತಿಳಿದವರು. ನನ್ನ ಸಮಸ್ಯೆ ಅದಲ್ಲ. ಕೆಲಸ ಎಳೆದಾಗ ನನಗದು ಗುತ್ತಿಗೆ ಆಗಿರಬೇಕು, ಬೇಗ ಮುಗಿದಾಗ ಕೂಲಿ ಆಗಿರಬೇಕು. ಇದು ನಮ್ಮ ಅಜ್ಜಿಯಿಂದ ಬಂದ ಬುದ್ಧಿ.

ಹೊಳೆನರಸೀಪುರದಲ್ಲಿ ಅಜ್ಜಿಯ ಮನೆಗೆ ವರ್ಷಕ್ಕೊಮ್ಮೆ, ಪಾತ್ರೆಗಳ ಒಳಗೆ ತವರ ಬಳಿಯುವ ಕಲಾಯಿ ಸಾಬರು ಬರುತ್ತಿದ್ದರು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿಟ್ಟರೆ ಕಿಲುಬು ಏಳುತ್ತದೆ, ಹೊಟ್ಟೆ ಕೆಡುತ್ತದೆ. 1974ರ ಬೇಸಿಗೆ ಇರಬೇಕು, ನನಗೆ ಹತ್ತು ವರ್ಷ. ಹನ್ನೊಂದು ಪಾತ್ರೆ, ಇಡೀ ದಿನದ ಕೆಲಸ, 18 ರೂಪಾಯಿ ಅಂತ ಮಾತಾಯಿತು. ಸಾಬರು ಅಂಗಳದಲ್ಲಿ ಗುಂಡಿ ತೋಡಿ, ತಿದಿಯ ಮೂತಿಯನ್ನು ಅದರೊಳಗೆ ಹೂತು, ಇದ್ದಿಲು ಸುರಿದರು. ಅವರ ಹುಡುಗ ದೊಡ್ಡ ತಪ್ಪಲೆಯೊಳಗೆ ಮರಳು ಹಾಕಿಕೊಂಡು ನಿಂತು, ಗೋಡೆ ಹಿಡಿದು, ಸೊಂಟ ತಿರುಗಿಸಿ ತಿರುಗಿಸಿ ಕಾಲಲ್ಲೇ ಉಜ್ಜುತ್ತಿದ್ದ. ನಾವು ಮಕ್ಕಳು ಅದನ್ನು ಕುಣಿತ ಅಂತಲೇ ತಿಳಿದು ಜೊತೆಗೆ ಕುಣಿಯುತ್ತಿದ್ದೆವು. ಪಾತ್ರೆ ಕಾದ ಮೇಲೆ ಸಾಬರು ನವಸಾಗರದ ಪುಡಿ ಎರಚಿದರೆ ಬಿಳೀ ಹೊಗೆ ಮೂಗು ಸುಡುತ್ತಿತ್ತು. ತವರದ ಕಡ್ಡಿ ಒಂದು ಕಡೆ ಮುಟ್ಟಿಸಿ, ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಮುಗೀತು, ಕರಿ ಪಾತ್ರೆಯ ಒಳಗೆ ಹುಣ್ಣಿಮೆ. ತವರ 232 ಡಿಗ್ರಿಗೇ ಕರಗುತ್ತದೆ ಅಂತ ಆಮೇಲೆ ಓದಿದೆ. ಅಜ್ಜಿಗೆ ಕಂಡದ್ದು ಇಷ್ಟೇ: ಒರೆಸುವುದಕ್ಕೆ ಅರೆಗಳಿಗೆ, ಅದಕ್ಕೆ 18 ರೂಪಾಯಿ.

ಹನ್ನೊಂದೂ ಪಾತ್ರೆ ಹನ್ನೆರಡು ಗಂಟೆಗೇ ಮುಗಿದವು. ಅಜ್ಜಿ ಸೆರಗಿನ ಗಂಟು ಬಿಚ್ಚಿ 12 ರೂಪಾಯಿ ಇಟ್ಟರು.

"ಇದೇನು ಅಮ್ಮಾವ್ರೇ?"

"ದಿನ ಪೂರ್ತಿ ಅಂದಿದ್ರಲ್ಲ ಸಾಬ್ರೇ. ಇನ್ನೂ ಅರ್ಧ ದಿನ ಬಾಕಿ ಇದೆ."

ಸಾಬರು ಜಗಳ ಆಡಲಿಲ್ಲ. "ಆಗಲಿ ಅಮ್ಮಾವ್ರೇ. ಅರ್ಧ ದಿನ ತಾನೆ? ಇಲ್ಲೇ ಇರ್ತೀನಿ" ಎಂದವರೇ ಹೊಂಗೆ ಮರದ ಕೆಳಗೆ ಟವಲ್ ಹಾಸಿ ಕೂತುಬಿಟ್ಟರು.

ಅಜ್ಜಿಗೆ ಮಧ್ಯಾಹ್ನ ನಿದ್ದೆ ಬರಲಿಲ್ಲ. ಅಂಗಳದಲ್ಲಿ ಜನ ಕೂತಿರುವಾಗ ಊಟಕ್ಕೆ ಕರೆಯದೆ ಇರುವುದು ಹೇಗೆ? ಎಲೆ ಹಾಕಿ ಇಬ್ಬರಿಗೂ ಬಡಿಸಿದ್ದಾಯಿತು. ಮೂರು ಗಂಟೆಗೆ ಕಾಫಿ. ಅಷ್ಟರಲ್ಲಿ ಹೊಗೆ ನೋಡಿದ ಪಕ್ಕದ ಮನೆಯವರು ಎರಡು ಬೋಗುಣಿ ತಂದರು. ಎದುರು ಮನೆಯಿಂದ ಮೂರು ಬಂದವು. ಗುಂಡಿ ಇತ್ತು, ಕೆಂಡ ಇನ್ನೂ ಇತ್ತು, ಸಾಬರು ತಿದಿ ಒತ್ತತೊಡಗಿದರು. ಸಂಜೆ ಹೊತ್ತಿಗೆ ಅವರ ಜೇಬಿಗೆ ಹತ್ತು ರೂಪಾಯಿ ಜಾಸ್ತಿ ಬಿದ್ದಿತ್ತು. ಎದ್ದು ನಿಂತು, "ದಿನ ಮುಗೀತು ಅಮ್ಮಾವ್ರೇ, ಬಾಕಿ ಆರು ರೂಪಾಯಿ" ಅಂದರು.

ಅಜ್ಜಿ ಇದಕ್ಕೇ ಕಾಯುತ್ತಿದ್ದರೋ ಏನೋ. "ಈ ಅರ್ಧ ದಿನ ನಾನು ಕೊಂಡದ್ದು ತಾನೆ?"

"ಹೌದಮ್ಮಾ."

"ಹಾಗಿದ್ರೆ ನನ್ನ ದಿನದಲ್ಲಿ ಊರೋರ ಪಾತ್ರೆ ಯಾಕೆ ಮಾಡಿದ್ರಿ? ಆ ಹತ್ತು ರೂಪಾಯಿ ನನ್ನದು. ಆರು ನೀವು ಇಟ್ಕೊಳ್ಳಿ, ನಾಲ್ಕು ಇತ್ತ ಕೊಡಿ."

ಸಾಬರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಕೊನೆಗೆ ಅಜ್ಜಿ ಮೂರು ರೂಪಾಯಿ ಕೊಟ್ಟರು, ಸಾಬರು ಒಂದು ಸೌಟಿಗೆ ಪುಕ್ಕಟೆ ಕಲಾಯಿ ಹಾಕಿದರು. ಗೆದ್ದದ್ದು ತಾನೇ ಅಂತ ಅಜ್ಜಿ ಸಾಯುವವರೆಗೂ ಹೇಳಿದರು. ಊಟ, ಕಾಫಿಯ ಲೆಕ್ಕ ಅವರು ಯಾವತ್ತೂ ತೆಗೆಯಲಿಲ್ಲ. ಸಾಬರು ಮುಂದಿನ ಬೀದಿಗಳಲ್ಲಿ ಏನು ಹೇಳಿಕೊಂಡರೋ ಯಾರಿಗೆ ಗೊತ್ತು.

ಅಜ್ಜಿಯ ಪಟ್ಟು ನಾನೂ ಹಾಕಿ ನೋಡಿದೆ. "ಎರಡು ದಿನದ ದುಡ್ಡು ಕೊಡ್ತೀನಪ್ಪಾ. ಉಳಿದ ಹೊತ್ತಲ್ಲಿ ಸಿಂಕಿನ ಪೈಪು, ಹಿತ್ತಲಿನ ನಲ್ಲಿ, ವಾಷಿಂಗ್ ಮಷೀನಿನ ಜಾಯಿಂಟು ನೋಡಿಬಿಡು."

"ಅದೆಲ್ಲ ಬೇರೆ ಸಾರ್" ಅಂದ. ಅವನು ಹೊಂಗೆ ಮರದ ಕೆಳಗೆ ಕೂರುವವನಲ್ಲ. ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು. ಬೈಕಿನ ಮೇಲೆ ಕೂತೇ ಕ್ಯೂಆರ್ ಕೋಡ್ ಚಾಚಿದ. ಹೀಗೆ 25 ನಿಮಿಷ ವಾದ ಮಾಡಿ 3,500ಕ್ಕೆ ಇಳಿಸಿದೆ.

ಒಳಗೆ ಬಂದು ಹೆಂಡತಿಯ ಹತ್ತಿರ ಗೆದ್ದವನ ಹಾಗೆ ಹೇಳಿಕೊಂಡೆ. ಅವಳು ಸೀರೆ ಹಿಂಡುತ್ತಾ ಕೇಳಿದಳು, "ನಮಗೆ ಮಿಕ್ಸಿ ಬಂದದ್ದು ಯಾವ ದುಡ್ಡಲ್ಲಿ?"

ಇದು ಅನ್ಯಾಯದ ಪ್ರಶ್ನೆ. ನಾನು 1986ರಲ್ಲಿ ಕೆಲಸಕ್ಕೆ ಸೇರಿದಾಗ ಉಳಿತಾಯ ಖಾತೆಯ ಬಡ್ಡಿಯನ್ನು ಕೈಯಲ್ಲೇ ಹಾಕುತ್ತಿದ್ದೆವು. ಪ್ರತಿ ಖಾತೆಯಲ್ಲೂ ತಿಂಗಳ 10ರಿಂದ ಕೊನೆಯ ದಿನದ ತನಕ ಇದ್ದ ಅತಿ ಕಡಿಮೆ ಮೊತ್ತವನ್ನು ಹುಡುಕಬೇಕಿತ್ತು. ಜೂನ್, ಡಿಸೆಂಬರ್ ಬಂತೆಂದರೆ ರಾತ್ರಿ ಹತ್ತಾದರೂ ಲೆಡ್ಜರಿನಿಂದ ತಲೆ ಎತ್ತುವಂತಿರಲಿಲ್ಲ. ಆಮೇಲೆ ಎಎಲ್‌ಪಿಎಂ ಅನ್ನುವ ಲೆಡ್ಜರ್ ಯಂತ್ರ ಬಂತು. ರಾತ್ರಿಯ ಕೆಲಸ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಸಂಬಳ ಕಡಿಮೆ ಆಗಲಿಲ್ಲ. ಬದಲಿಗೆ ಯಂತ್ರದ ಮುಂದೆ ಕೂತವರಿಗೆ ವಿಶೇಷ ಭತ್ಯೆ ಅಂತ ತಿಂಗಳು ತಿಂಗಳು ಬೇರೆ ಬಂತು. ಮಿಕ್ಸಿ ಬಂದದ್ದು ಆ ದುಡ್ಡಲ್ಲಿ.

"ಅದು ಯೂನಿಯನ್ ಒಪ್ಪಂದ" ಅಂದೆ.

"ಅವನಿಗೂ ಒಂದು ಯೂನಿಯನ್ ಮಾಡಿಕೊಡಿ" ಅಂದಳು.

ಈಗ ಬಚ್ಚಲಿನ ನಲ್ಲಿಯಲ್ಲಿ ನೀರು ಧೋ ಅಂತ ಬರುತ್ತದೆ. ಆದರೆ ಅದನ್ನು ತಿರುಗಿಸಲು ನನಗೆ ಅಪ್ಪಣೆ ಇಲ್ಲ. ತುಂಬಿಸಿಟ್ಟ ನೀರು ಚೆಲ್ಲುವ ಹಾಗಿಲ್ಲವಂತೆ, ಮೊದಲು ಅದು ಖಾಲಿಯಾಗಬೇಕಂತೆ. ನಿನ್ನೆ ಡ್ರಮ್ಮಿನಿಂದ ಚೊಂಬಿನಲ್ಲಿ ತೋಡಿ ಸ್ನಾನ ಮಾಡಿದೆ. ಇವತ್ತೂ ಅಷ್ಟೇ. ಇಡ್ಲಿ ಪಾತ್ರೆ ಇನ್ನೂ ಮುಟ್ಟಿಲ್ಲ.